ಒಂದೇ ಸೀರೆ, ಮೂರು ಕೆಂಪು: ಒಂದು ಮದುವೆ ಆಲ್ಬಮ್ಮಿನ ಪ್ರಕರಣ

ಆಲ್ಬಮ್ ತಗೊಂಡು ಹೋದ ಮೂರನೇ ದಿನ ವಧುವಿನ ತಾಯಿ ಅಂಗಡಿಗೆ ವಾಪಸ್ ಬಂದರು. ಜುಲೈ ತಿಂಗಳು, ಗೋಣಿಕೊಪ್ಪದಲ್ಲಿ ಬೆಳಗ್ಗೆಯಿಂದ ಮಳೆ ಬಿಟ್ಟಿರಲಿಲ್ಲ. ಕೊಡೆಯನ್ನು ಬಾಗಿಲಿಗೆ ಒರಗಿಸಿದರು. ಒಂದು ಕವರಿನಿಂದ ಆಲ್ಬಮ್ ತೆಗೆದರು, ಇನ್ನೊಂದರಿಂದ ಒಂದು ಸೀರೆ ತೆಗೆದರು. ಮಗಳು ಮದುವೆ ದಿನ ಉಟ್ಟಿದ್ದ ಕೆಂಪು ರೇಷ್ಮೆ ಸೀರೆ. ಅದನ್ನು ಆಲ್ಬಮ್ಮಿನ ಪಕ್ಕ ಹರಡಿ, "ನೀವೇ ಹೇಳಿ, ಇದರಲ್ಲಿ ನನ್ನ ಮಗಳ ಸೀರೆ ಯಾವುದು?" ಅಂದರು.

ಪುಟ ತಿರುಗಿಸಿದೆ. ಮುಹೂರ್ತದ ಪುಟದಲ್ಲಿ ಸೀರೆ ಹಳೇ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ಮನೆಯಿಂದ ಹೊರಡುವ ಪುಟದಲ್ಲಿ ಸರಿಯಾದ ಕೆಂಪು. ಗಂಗಾ ಪೂಜೆಯ ಪುಟಗಳಲ್ಲಿ, ಅಂದರೆ ಹುಡುಗಿ ನೀರಿನ ಬಿಂದಿಗೆ ಹೊತ್ತು ನಿಂತಿದ್ದಾಗ ನೆಂಟರು ಎದುರಿಗೆ ಕುಣಿಯುತ್ತಾ ದಾರಿ ಬಿಡದ ಆ ಗಲಾಟೆಯಲ್ಲಿ, ಸೀರೆ ಸ್ವಲ್ಪ ಕಿತ್ತಳೆ ಕಡೆ ವಾಲಿ ಬಿಸಿಲಿಗೆ ಮಾಸಿದ ಹಾಗಿತ್ತು. ಬಾಳೆ ಕಡಿಯುವ ಶಾಸ್ತ್ರದ ಪುಟದಲ್ಲಿ ಬಾಳೆ ದಿಂಡಿನ ಹಸಿರು ಕೂಡ ಕಳೆಗುಂದಿತ್ತು. ವರನ ಬಿಳಿ ಕುಪ್ಯ (ಕೊಡವರ ನಿಲುವಂಗಿ) ಮಾತ್ರ ಎಲ್ಲ ಪುಟದಲ್ಲೂ ಬಿಳಿಯಾಗೇ ಇತ್ತು. ಅದು ದೊಡ್ಡ ಸುಳಿವು. ಆದರೆ ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ.

ಇದು ನನ್ನದೇ ಅಂಗಡಿಯಲ್ಲಿ, ನನ್ನದೇ ಕೈಯಿಂದ ಆದ ಎಡವಟ್ಟು. ಆಲ್ಬಮ್ ಡಿಸೈನ್ ಮಾಡುವವರಿಗೆ, ಫೋಟೋ ತೆಗೆಯುವವರಿಗೆ, ಹೋಮ್‌ಸ್ಟೇಗೋ ಕಾಫಿ ಪುಡಿ ಪ್ಯಾಕೆಟ್ಟಿಗೋ ಫೋಟೋ ಕಳಿಸುವವರಿಗೆ ಉಪಯೋಗಕ್ಕೆ ಬರಬಹುದು ಅಂತ ಪೂರ್ತಿ ಬರೆಯುತ್ತಿದ್ದೇನೆ.

ಫೋಟೋಗಳು ಬಂದದ್ದು ಎಲ್ಲೆಲ್ಲಿಂದ

ಮದುವೆ ಮೇ ತಿಂಗಳಲ್ಲಿ ವಿರಾಜಪೇಟೆಯಲ್ಲಿ ಆಗಿತ್ತು. ಫೋಟೋಗ್ರಾಫರ್ ಇಬ್ಬರು. ಬಣ್ಣಗಳನ್ನು ನಂಬರ್ ಮಾಡಿ ಬರೆಯುವ ಅಳತೆಗೆ ಬಣ್ಣದ ಜಾಗ (ಕಲರ್ ಸ್ಪೇಸ್) ಅನ್ನುತ್ತಾರೆ, ಅಂಥವು ಹಲವು ಇವೆ. ಮುಖ್ಯ ಫೋಟೋಗ್ರಾಫರ್ ತನ್ನ ಕ್ಯಾಮೆರಾವನ್ನು ಅಡೋಬಿ ಆರ್‌ಜಿಬಿಗೆ ಸೆಟ್ ಮಾಡಿಕೊಂಡಿದ್ದರು, ಯಾರೋ "ಅದರಲ್ಲಿ ಬಣ್ಣ ಜಾಸ್ತಿ ಬರುತ್ತೆ" ಅಂದಿದ್ದರಂತೆ. ಎರಡನೆಯವರದು ಕ್ಯಾಮೆರಾ ಅಂಗಡಿಯಿಂದ ಬಂದ ಹಾಗೇ ಎಸ್‌ಆರ್‌ಜಿಬಿಯಲ್ಲಿತ್ತು. ಗಂಗಾ ಪೂಜೆಯ ಫೋಟೋಗಳಲ್ಲಿ ಸುಮಾರು ವಧುವಿನ ಚಿಕ್ಕಪ್ಪನ ಮಗಳ ಐಫೋನಿನದು. ಆ ಫೋನು ಡಿಸ್‌ಪ್ಲೇ ಪಿ3 ಅನ್ನುವ ಮೂರನೇ ಜಾಗದಲ್ಲಿ ಉಳಿಸುತ್ತದೆ. ಆಪಲ್ 2016ರ ಐಫೋನ್ 7ರಿಂದ ಹಾಗೆ ಮಾಡುತ್ತಿದೆ.

ಒಟ್ಟು 312 ಫೋಟೋ ಆರಿಸಿಕೊಂಡೆ. ನನ್ನ ಕಂಪ್ಯೂಟರ್ ಹಳೇದು, ಒಂದೊಂದು 8 ಎಂಬಿ ಇರುವ ಫೋಟೋಗಳನ್ನು ಪುಟಕ್ಕೆ ತುಂಬಿಸಿದರೆ ಅದು ಏಳುವುದೇ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಬೇರೆ ಯಾವಾಗ ಹೋಗುತ್ತೋ ಹೇಳಕ್ಕಾಗಲ್ಲ. ಅದಕ್ಕೇ ಮೊದಲು ಎಲ್ಲ ಫೋಟೋಗಳ ಸೈಜ್ ಒಟ್ಟಿಗೆ ಇಳಿಸುವ ಒಂದು ಸಣ್ಣ ಸಾಫ್ಟ್‌ವೇರ್ ಓಡಿಸುತ್ತೇನೆ. ಅದರಲ್ಲಿ "ಹೆಚ್ಚುವರಿ ಮಾಹಿತಿ ತೆಗೆದುಹಾಕು" ಅನ್ನುವ ಅರ್ಥದ ಒಂದು ಟಿಕ್ ಇತ್ತು. ಫೈಲ್ ಹಗುರ ಆಗುತ್ತೆ ಅಲ್ವಾ ಅಂತ ಯಾವತ್ತೋ ಟಿಕ್ ಹಾಕಿದ್ದೆ, ಮತ್ತೆ ಅದನ್ನು ಮುಟ್ಟಿರಲಿಲ್ಲ.

ಆ "ಹೆಚ್ಚುವರಿ ಮಾಹಿತಿ"ಯಲ್ಲಿ ಕಲರ್ ಪ್ರೊಫೈಲ್ ಕೂಡ ಸೇರಿತ್ತು, ಅಂದರೆ ಫೋಟೋ ಯಾವ ಬಣ್ಣದ ಜಾಗದ್ದು ಅಂತ ಫೈಲಿನೊಳಗೆ ಹೇಳುವ ಗುರುತು.

ಮೊದಲು ಬೈದದ್ದು ಲ್ಯಾಬಿಗೆ

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮೈಸೂರಿನ ಪ್ರಿಂಟಿಂಗ್ ಲ್ಯಾಬಿಗೆ ಫೋನ್ ಮಾಡಿ ಕೂಗಾಡಿದೆ. ಆ ಕಡೆ ಇದ್ದ ಹುಡುಗ ತಾಳ್ಮೆಯವನು. "ಅಣ್ಣ, ನಿಮ್ಮ ಪುಟಗಳು ಎಸ್‌ಆರ್‌ಜಿಬಿ ಪ್ರೊಫೈಲ್ ಜೊತೆಗೇ ಬಂದಿವೆ, ನಾವು ಅದರ ಪ್ರಕಾರವೇ ಹಾಕಿದ್ದೀವಿ. ಅದೇ ಪುಟನ ನಿಮ್ಮ ಮೊಬೈಲಲ್ಲಿ ತೆಗೆದು ನೋಡಿ. ಅಲ್ಲೂ ಹಿಂಗೇ ಇದ್ದರೆ ಪ್ರಿಂಟರಿನದು ತಪ್ಪಿಲ್ಲ" ಅಂದ. ನೋಡಿದೆ. ಮೊಬೈಲಲ್ಲೂ ಹೆಂಚಿನ ಬಣ್ಣವೇ. ಫೋನ್ ಇಡುವಾಗ ಸಾರಿ ಹೇಳಿದೆ.

ಆಮೇಲೆ ಮಾನಿಟರ್ ಮೇಲೆ ಅನುಮಾನ. ಎರಡು ತಿಂಗಳ ಹಿಂದಷ್ಟೇ ಅದನ್ನು ಕ್ಯಾಲಿಬ್ರೇಟ್ ಮಾಡಿದ್ದೆ (ಬಣ್ಣ ಸರಿ ತೋರಿಸುವ ಹಾಗೆ ಹೊಂದಿಸಿದ್ದೆ). ಅಲ್ಲದೆ ಮಾನಿಟರ್ ಕೆಟ್ಟಿದ್ದರೆ ಎಲ್ಲ ಫೋಟೋನೂ ಒಂದೇ ಥರ ಕೆಡಬೇಕು, ಒಂದು ಪುಟ ಸರಿ ಇದ್ದು ಇನ್ನೊಂದು ಕೆಡುವುದು ಹೇಗೆ?

ಇನ್ನೊಂದು ಮಾತು. ಸೀರೆಯನ್ನೂ ಪ್ರಿಂಟನ್ನೂ ಪಕ್ಕಪಕ್ಕ ಇಟ್ಟು ಟ್ಯೂಬ್‌ಲೈಟಿನಲ್ಲಿ ಹೋಲಿಸಬೇಡಿ. ರೇಷ್ಮೆಗೆ ಹಾಕಿದ ಬಣ್ಣ ಬೇರೆ, ಪ್ರಿಂಟಿನ ಬಣ್ಣ ಬೇರೆ. ಒಂದು ಬೆಳಕಿನಲ್ಲಿ ಎರಡೂ ಒಂದೇ ಅನ್ನಿಸಿದರೂ ಇನ್ನೊಂದು ಬೆಳಕಿನಲ್ಲಿ ಬೇರೆ ಕಾಣಬಹುದು. ಮಳೆ ಸ್ವಲ್ಪ ಬಿಡುವು ಕೊಡುವವರೆಗೆ ಕಾದು, ಇಬ್ಬರೂ ಬಾಗಿಲ ಹತ್ತಿರ ಹೋಗಿ ನೋಡಿದೆವು. ಮುಹೂರ್ತದ ಪುಟ ಅಲ್ಲೂ ತಪ್ಪೇ. ಆಂಟಿಗೆ ಒಂದು ವಾರ ಸಮಯ ಕೇಳಿದೆ. ಸೀರೆಯನ್ನೂ ಬಿಟ್ಟು ಹೋದರು, ಜೋಪಾನ ಅಂತ ಎರಡು ಸಲ ಹೇಳಿ.

ಸಿಕ್ಕಿಬಿದ್ದದ್ದು

ರಾತ್ರಿ ಫೋಲ್ಡರ್ ತೆರೆದು ಸುಮ್ನೆ ಫೈಲ್‌ಗಳ ಹೆಸರು ನೋಡುತ್ತಾ ಕೂತಿದ್ದೆ. ಹೆಂಚಿನ ಬಣ್ಣದ ಫೋಟೋಗಳ ಹೆಸರೆಲ್ಲ ಅಂಡರ್‌ಸ್ಕೋರ್ ಗೀಟಿನಿಂದ ಶುರುವಾಗುತ್ತಿತ್ತು. ಸರಿಯಾಗಿದ್ದವುಗಳ ಹೆಸರಿನಲ್ಲಿ ಆ ಗೀಟು ಇರಲಿಲ್ಲ. ಅಡೋಬಿ ಆರ್‌ಜಿಬಿಯಲ್ಲಿ ತೆಗೆದ ಫೋಟೋಗೆ ಕ್ಯಾಮೆರಾಗಳು ಹೆಸರಿನ ಮುಂದೆ ಆ ಗೀಟು ಹಾಕುತ್ತವೆ, ಅದು ಕ್ಯಾಮೆರಾ ಕಂಪನಿಗಳೆಲ್ಲ ಒಪ್ಪಿಕೊಂಡ ಫೈಲ್ ಹೆಸರಿನ ನಿಯಮ. ಇಷ್ಟು ವರ್ಷ ಆ ಗೀಟನ್ನು ನೋಡಿದ್ದೆ, ಯಾಕೆ ಅಂತ ಕೇಳಿಕೊಂಡಿರಲಿಲ್ಲ.

ಒಂದು ಫೋಟೋ ಫೋಟೋಶಾಪಿನಲ್ಲಿ ತೆರೆದೆ. ಮೇಲಿನ ಟ್ಯಾಬಿನಲ್ಲಿ ಫೈಲ್ ಹೆಸರಿನ ಕೊನೆಗೆ, ಆರ್‌ಜಿಬಿ/8 ಅಂತ ಬರೆದಿರುವ ಪಕ್ಕದಲ್ಲಿ, # ಗುರುತು ಇತ್ತು. ಅಲ್ಲಿ # ಇದ್ದರೆ ಫೈಲಿನಲ್ಲಿ ಪ್ರೊಫೈಲ್ ಇಲ್ಲ ಅಂತ ಅರ್ಥ. ನಕ್ಷತ್ರ ಇದ್ದರೆ ಪ್ರೊಫೈಲ್ ಇದೆ, ಆದರೆ ನಾವು ಕೆಲಸ ಮಾಡುತ್ತಿರುವ ಬಣ್ಣದ ಜಾಗಕ್ಕಿಂತ ಬೇರೆ ಅಂತ ಅರ್ಥ. ಆಮೇಲೆ ಫೋಟೋಗ್ರಾಫರ್ ಕೊಟ್ಟಿದ್ದ ಪೆನ್‌ಡ್ರೈವಿನಿಂದ ಅದೇ ಫೋಟೋದ ಮೂಲ ಫೈಲ್ ತೆರೆದೆ. ಅದರಲ್ಲಿ ನಕ್ಷತ್ರ. ಸೀರೆ ಕೆಂಪಗೆ ಹೊಳೆಯಿತು.

ಎರಡನ್ನೂ ಪಕ್ಕಪಕ್ಕ ಇಟ್ಟು, ಸೆರಗಿನ ಒಂದೇ ಜಾಗದ ಮೇಲೆ ಮೌಸ್ ಇಟ್ಟು ನಂಬರ್ ನೋಡಿದೆ. ನಂಬರ್ ಹೆಚ್ಚುಕಮ್ಮಿ ಒಂದೇ! ಒಂದೇ ನಂಬರ್, ಎರಡು ಬಣ್ಣ.

ಇಪ್ಪತ್ತು ಅಂದರೆ ಎಷ್ಟು?

ನಮ್ಮೂರಲ್ಲಿ ಇದನ್ನು ಅರ್ಥ ಮಾಡಿಸುವುದು ಸುಲಭ. ಕಾಫಿ ವ್ಯಾಪಾರಿ ಒಂದು ಚೀಟಿಯಲ್ಲಿ ಬರೀ "20" ಅಂತ ಬರೆದು ಕಳಿಸಿದ ಅಂದುಕೊಳ್ಳಿ. 20 ಕೆ.ಜಿ.ಯಾ, 20 ಚೀಲವಾ? ಚೀಲ ಅಂದರೆ 50 ಕೆ.ಜಿ., ಹಾಗಾದರೆ ಒಂದು ಸಾವಿರ ಕೆ.ಜಿ. ಆಯಿತು. ಫೋಟೋ ಫೈಲಿನಲ್ಲಿ ಇರುವುದೂ ಬರೀ ಆ "20". ಪ್ರತಿ ಚುಕ್ಕೆಗೆ ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು, 0ಯಿಂದ 255ರವರೆಗೆ. ಯಾವ ಕೆಂಪಿನ 255? ಅದನ್ನು ಹೇಳುವುದು ಪ್ರೊಫೈಲ್. ನಂಬರಿನ ಪಕ್ಕದಲ್ಲಿ "ಚೀಲ" ಅಂತಲೋ "ಕೆ.ಜಿ." ಅಂತಲೋ ಬರೆದ ಹಾಗೆ.

ಈಗ ನಮ್ಮ ಮೂರು ಫೋಟೋಗಳ ಲೆಕ್ಕ ನೋಡಿ. ಎಸ್‌ಆರ್‌ಜಿಬಿಯಲ್ಲಿ 255, 0, 0 ಅಂತ ಬರೆಯುವ ಅಚ್ಚ ಕೆಂಪನ್ನೇ ಅಡೋಬಿ ಆರ್‌ಜಿಬಿಯಲ್ಲಿ 219, 0, 0 ಅಂತ ಬರೆಯಬೇಕು. ಡಿಸ್‌ಪ್ಲೇ ಪಿ3ಯಲ್ಲಿ 234, 51, 35. ಮೂರೂ ಒಂದೇ ಕೆಂಪು. ಪ್ರೊಫೈಲ್ ಕಿತ್ತು ಹಾಕಿದರೆ ಓದುವ ಸಾಫ್ಟ್‌ವೇರ್ ಎಲ್ಲವನ್ನೂ ಎಸ್‌ಆರ್‌ಜಿಬಿ ಅಂತಲೇ ತಿಳಿಯುತ್ತದೆ. ಆಗ 219 ಕಪ್ಪಿಟ್ಟ ಕೆಂಪಾಗುತ್ತದೆ. 234ರ ಜೊತೆ ಹಸಿರು 51 ಸೇರಿರುವುದರಿಂದ ಕಿತ್ತಳೆ ಕಡೆ ವಾಲುತ್ತದೆ. ಆಲ್ಬಮ್ಮಿನಲ್ಲಿ ಆಂಟಿ ತೋರಿಸಿದ ಮೂರು ಸೀರೆ ಇವೇ.

ಹಸಿರಿನದೂ ಅದೇ ಕಥೆ, ಇನ್ನೂ ಜೋರು. ಎಸ್‌ಆರ್‌ಜಿಬಿಯ 0, 255, 0 ಹಸಿರು ಅಡೋಬಿ ಆರ್‌ಜಿಬಿಯಲ್ಲಿ 144, 255, 60 ಆಗುತ್ತದೆ. ಈ ಎರಡು ಜಾಗಗಳಿಗೂ ಕೆಂಪು ಮತ್ತು ನೀಲಿಯ ಮೂಲೆ ಒಂದೇ, ಹಸಿರಿನ ಮೂಲೆ ಮಾತ್ರ ಬೇರೆ. ಅಡೋಬಿ ಆರ್‌ಜಿಬಿಯದು ಹಸಿರಿನ ಕಡೆಗೆ ಹೆಚ್ಚು ಚಾಚಿದೆ. ಬಾಳೆ ದಿಂಡು ಯಾಕೆ ಕಳೆಗುಂದಿತ್ತು ಅಂತ ಈಗ ಗೊತ್ತಾಯಿತಲ್ಲ. ಬಿಳಿ ಕುಪ್ಯ ಕೆಡದೆ ಉಳಿದದ್ದೂ ಇದಕ್ಕೇ. ಮೂರರಲ್ಲೂ ಬಿಳಿ ಅಂದರೆ 255, 255, 255, ಮೂರಕ್ಕೂ ಬಿಳಿಯ ಅಳತೆ ಒಂದೇ. ಬಿಳಿ ಸರಿ ಇದ್ದು ಕೆಂಪು ಹಸಿರು ಮಾತ್ರ ಸತ್ತಂತಿದ್ದರೆ ಮೊದಲ ಅನುಮಾನ ಪ್ರೊಫೈಲ್ ಮೇಲೆ ಬರಬೇಕು. ನನಗೆ ಬರಲಿಲ್ಲ.

ಇಷ್ಟೊಂದು ಜಾಗ ಯಾಕೆ ಬೇಕಿತ್ತು ಅಂತ ಕೇಳಬಹುದು. 1993ರಲ್ಲಿ ಎಂಟು ಕಂಪನಿಗಳು ಸೇರಿ ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಷಿಯಂ ಕಟ್ಟಿದವು, ಅಡೋಬಿ, ಆಪಲ್, ಕೊಡಾಕ್, ಮೈಕ್ರೋಸಾಫ್ಟ್ ಎಲ್ಲ ಅದರಲ್ಲಿದ್ದವು. ಯಾವ ಕಂಪ್ಯೂಟರ್ ಆದರೂ ಓದಬಹುದಾದ ಒಂದೇ ಥರದ ಪ್ರೊಫೈಲ್ ಫೈಲ್ ಅವರು ಮಾಡಿದ್ದು. ಐಸಿಸಿ ಪ್ರೊಫೈಲ್ ಅನ್ನುವುದು ಅದನ್ನೇ. ಎಸ್‌ಆರ್‌ಜಿಬಿಯನ್ನು ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಮುಂದಿಟ್ಟವು, ಆ ಕಾಲದ ಸಾಮಾನ್ಯ ಮಾನಿಟರಿಗೆ ಹೊಂದುವ ಹಾಗೆ. ಅಡೋಬಿ ಆರ್‌ಜಿಬಿಯ ಕಥೆ ತಮಾಷೆ. 1998ರಲ್ಲಿ ಫೋಟೋಶಾಪ್ 5 ಬಂದಾಗ ಟೆಲಿವಿಷನ್ನಿನ ಒಂದು ಸ್ಟ್ಯಾಂಡರ್ಡ್ ಅಂದುಕೊಂಡು ಹಾಕಿದ ನಂಬರ್‌ಗಳು ಅದರವಾಗಿರಲೇ ಇಲ್ಲ. ಅಷ್ಟರಲ್ಲಿ ಜನ ಅದಕ್ಕೆ ಒಗ್ಗಿಕೊಂಡಿದ್ದರು, ಹಾಗಾಗಿ ಹೆಸರು ಮಾತ್ರ ಬದಲಾಯಿಸಿ ಉಳಿಸಿಕೊಂಡರು.

ನಾನು ಮಾಡಿದ್ದ ಇನ್ನೂ ಎರಡು ತಪ್ಪು

ಟಿಕ್ ಒಂದೇ ಆಗಿದ್ದರೆ ಡಿಸೈನ್ ಮಾಡುವಾಗಲೇ ಸಿಕ್ಕಿಬೀಳಬೇಕಿತ್ತು. ಫೋಟೋಶಾಪಿನ ಕಲರ್ ಸೆಟಿಂಗ್ಸ್‌ನಲ್ಲಿ, ಪ್ರೊಫೈಲ್ ಇಲ್ಲದ ಫೈಲ್ ತೆರೆದಾಗ ಕೇಳು ಅನ್ನುವ ಆಯ್ಕೆ ಇದೆ. ಪ್ರತಿ ಸಲ ಅದು ಎದ್ದು ನಿಂತು "ಏನು ಮಾಡಲಿ" ಅಂತ ಕೇಳುವುದು ಕಿರಿಕಿರಿ ಅಂತ ಅದನ್ನೂ ಯಾವತ್ತೋ ತೆಗೆದಿದ್ದೆ. ಕಾವಲು ನಾಯಿ ಬೊಗಳುತ್ತೆ ಅಂತ ಬಾಯಿ ಕಟ್ಟಿದ ಹಾಗೆ.

ಎರಡನೆಯದು ಇನ್ನೂ ನಾಚಿಕೆಗೇಡು. ಮುಹೂರ್ತದ ಫೋಟೋಗಳು ಸಪ್ಪೆ ಇವೆ ಅಂತ ಆಗಲೇ ನನ್ನ ಕಣ್ಣಿಗೆ ಬಿದ್ದಿತ್ತು. ಮುಖಗಳು ಬಿಳಿಚಿಕೊಂಡ ಹಾಗಿದ್ದವು. ಕಲ್ಯಾಣ ಮಂಟಪದ ಲೈಟ್ ಸರಿ ಇಲ್ಲ ಅಂದುಕೊಂಡು 9 ಪುಟಗಳಲ್ಲಿ ಕೈಯಿಂದಲೇ ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿದ್ದೆ, ಅದೂ ರಾತ್ರಿ ಯುಪಿಎಸ್ ಮೇಲೆ, ಇನ್ನು ಹದಿನೈದು ನಿಮಿಷಕ್ಕೆ ಆರಿಹೋಗುತ್ತೆ ಅನ್ನುವ ಅವಸರದಲ್ಲಿ. ಹಾಗೆ ಏರಿಸಿದ ಪುಟಗಳಲ್ಲಿ ಸೀರೆ ಒಂದಿಷ್ಟು ಹತ್ತಿರ ಬಂತು, ಆದರೆ ಮುಖಗಳು ಅರಿಶಿನ ಹಚ್ಚಿದ ಹಾಗಾದವು. ಉಳಿದ ಪುಟಗಳನ್ನು ಮುಟ್ಟಲೇ ಇಲ್ಲ.

ಕೊನೆಗೆ ಪುಟಗಳನ್ನು ಲ್ಯಾಬಿಗೆ ಕಳಿಸುವಾಗ ಶಿಸ್ತಾಗಿ ಎಸ್‌ಆರ್‌ಜಿಬಿ ಪ್ರೊಫೈಲ್ ಸೇರಿಸಿಯೇ ಉಳಿಸಿದ್ದೆ. ಲ್ಯಾಬಿನ ಹುಡುಗ ಹೇಳಿದ್ದು ಅದನ್ನೇ. ಚೀಲದ ಲೆಕ್ಕವನ್ನು ಕೆ.ಜಿ. ಅಂತ ತಪ್ಪು ಓದಿ, ಆಮೇಲೆ ಅದರ ಪಕ್ಕ ಅಂದವಾಗಿ "ಕೆ.ಜಿ." ಅಂತ ಬರೆದು ಸೀಲು ಹಾಕಿದ ಹಾಗಾಯಿತು. ಪ್ರೊಫೈಲ್ ಮಧ್ಯದಲ್ಲಿ ಎಲ್ಲೋ ಕಳೆದುಹೋಗಿದ್ದರೆ ಕೊನೆಯಲ್ಲಿ ಸೇರಿಸಿದ್ದು ತಪ್ಪನ್ನೇ ಗಟ್ಟಿ ಮಾಡುತ್ತದೆ. ಸುಮಾರು ಜನ ಎಕ್ಸ್‌ಪೋರ್ಟ್ ಮಾಡುವಾಗ "ಎಂಬೆಡ್ ಪ್ರೊಫೈಲ್" ಟಿಕ್ ಹಾಕಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಕ್ಯಾಮೆರಾದಿಂದ ಹೊರಟ ಫೈಲ್ ಕೊನೆ ಫೈಲಿನವರೆಗೆ ಅದನ್ನು ಹೊತ್ತುಕೊಂಡೇ ಬರಬೇಕು.

ಇಷ್ಟಕ್ಕೂ ನಾನು ಉಳಿಸಿದ್ದು ಎಷ್ಟು? ಮಾಮೂಲಿ ಎಸ್‌ಆರ್‌ಜಿಬಿ ಪ್ರೊಫೈಲಿನ ತೂಕ 3,144 ಬೈಟ್. ಅಡೋಬಿ ಆರ್‌ಜಿಬಿಯದು ಬರೀ 560 ಬೈಟ್. 312 ಫೋಟೋದಲ್ಲೂ ದೊಡ್ಡದೇ ಇತ್ತು ಅಂತ ಲೆಕ್ಕ ಹಾಕಿದರೂ ಒಟ್ಟು 9,80,928 ಬೈಟ್. ಒಂದು ಎಂಬಿಯೂ ಇಲ್ಲ. ಆಫ್‌ಸೆಟ್ ಪ್ರಿಂಟಿಂಗಿನ ಸಿಎಂವೈಕೆ (ನಾಲ್ಕು ಶಾಯಿಯ) ಪ್ರೊಫೈಲ್‌ಗಳು ಅರ್ಧ ಎಂಬಿಯಷ್ಟು ದೊಡ್ಡವಿರುತ್ತವೆ, ಅಲ್ಲಿ ಯೋಚಿಸೋಣ. ಇಲ್ಲಿ ಮಾತ್ರ ಒಂದು ಎಂಬಿ ಉಳಿಸಲು ಹೋಗಿ ಇಡೀ ಆಲ್ಬಮ್ ಮತ್ತೆ ಪ್ರಿಂಟ್ ಮಾಡಿಸಿದೆ.

ಸರಿಪಡಿಸಿದ ಬಗೆ

ಪುಟಗಳಿಂದ ನಾನು ಕೈಯಲ್ಲಿ ಹಾಕಿದ್ದ ಸ್ಯಾಚುರೇಶನ್ ಎಲ್ಲ ಮೊದಲು ತೆಗೆದೆ. ಆಮೇಲೆ ಮೂಲ ಫೈಲ್‌ಗಳಿಂದ ಮತ್ತೆ ಶುರು. ಪ್ರೊಫೈಲ್ ಇರುವ ಫೋಟೋಗಳನ್ನು "ಕನ್ವರ್ಟ್ ಟು ಪ್ರೊಫೈಲ್" ಕೊಟ್ಟು ಎಸ್‌ಆರ್‌ಜಿಬಿಗೆ ತಂದು, ಎಸ್‌ಆರ್‌ಜಿಬಿ ಪ್ರೊಫೈಲ್ ಸೇರಿಸಿ ಉಳಿಸಿ, ಅದಾದ ಮೇಲೆ ಸೈಜ್ ಇಳಿಸಿದೆ. ಟಿಕ್ ತೆಗೆದಿದ್ದೆ ಅಂತ ಬೇರೆ ಹೇಳಬೇಕಿಲ್ಲ.

ಇಲ್ಲಿ "ಅಸೈನ್" ಮತ್ತು "ಕನ್ವರ್ಟ್" ಎರಡನ್ನೂ ಬಹಳ ಜನ ಕಲಸಿಕೊಳ್ಳುತ್ತಾರೆ. ಅಸೈನ್ ಅಂದರೆ ಚೀಟಿಯಲ್ಲಿನ 20ನ್ನು ಮುಟ್ಟದೆ ಪಕ್ಕದಲ್ಲಿ "ಚೀಲ" ಅಂತ ಬರೆಯುವುದು. ನಂಬರ್ ಹಾಗೇ ಇರುತ್ತದೆ, ಅರ್ಥ ಬದಲಾಗುತ್ತದೆ, ಹಾಗಾಗಿ ಕಾಣುವ ಬಣ್ಣ ಬದಲಾಗುತ್ತದೆ. ಕನ್ವರ್ಟ್ ಅಂದರೆ 20 ಚೀಲ ಅಂತ ಇದ್ದದ್ದನ್ನು 1,000 ಕೆ.ಜಿ. ಅಂತ ತಿದ್ದಿ ಬರೆಯುವುದು. ನಂಬರ್ ಬದಲಾಗುತ್ತದೆ, ಕಾಣುವ ಬಣ್ಣ ಬದಲಾಗಬಾರದು. ಪ್ರೊಫೈಲ್ ಕಳೆದುಹೋದ ಫೈಲಿಗೆ ಮೊದಲು ಸರಿಯಾದದ್ದನ್ನು ಅಸೈನ್ ಮಾಡಬೇಕು, ಆಮೇಲೆ ಕನ್ವರ್ಟ್. ನೇರ ಕನ್ವರ್ಟ್ ಮಾಡಿದರೆ ಅದು ತಪ್ಪು ಓದಿಕೊಂಡ ಲೆಕ್ಕವನ್ನೇ ತಿದ್ದುತ್ತಾ ಕೂರುತ್ತದೆ.

ಅಸೈನ್ ಬೇಕಾದದ್ದು ನಾಲ್ಕೇ ಫೋಟೋಗಳಿಗೆ. ಫೋನಿನವು, ಚಾಟಿನಲ್ಲಿ ಫೋಟೋ ಆಗಿ ಬಂದಿದ್ದವು, ಮೂಲ ಫೈಲ್ ಅಳಿಸಿಹೋಗಿತ್ತು. ಡಿಸ್‌ಪ್ಲೇ ಪಿ3 ಇರಬಹುದು ಅಂತ ಅಸೈನ್ ಮಾಡಿ ಸೀರೆಯ ಜೊತೆ ಹೋಲಿಸಿದೆ. ಮೂರು ಸರಿಹೋದವು. ನಾಲ್ಕನೆಯದರಲ್ಲಿ ಎಲ್ಲರ ತುಟಿಯೂ ಲಿಪ್‌ಸ್ಟಿಕ್ ಹಚ್ಚಿದ ಹಾಗೆ ಕೆಂಪಾಯಿತು, ತಾತನದು ಕೂಡ! ಅದು ದಾರಿಯಲ್ಲೇ ಎಲ್ಲೋ ಎಸ್‌ಆರ್‌ಜಿಬಿ ಆಗಿ ಬಂದಿತ್ತು ಅಂತ ಕಾಣುತ್ತೆ, ಎಸ್‌ಆರ್‌ಜಿಬಿ ಅಂತಲೇ ಬಿಟ್ಟೆ. ಈಗ ಯಾರೇ ಫೋಟೋ ಕಳಿಸಿದರೂ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೇಳುತ್ತೇನೆ, ಹಾಗೆ ಕಳಿಸಿದರೆ ಫೈಲ್ ಇದ್ದ ಹಾಗೇ ಬರುತ್ತದೆ.

ಎರಡನೇ ಫೋಟೋಗ್ರಾಫರ್ ಕೊಟ್ಟವುಗಳಲ್ಲಿ 11 ಫೋಟೋಗಳ ಪ್ರೊಫೈಲ್ ಹೆಸರು ವಿಚಿತ್ರವಾಗಿತ್ತು. ನೋಡಿದರೆ ಅದು ಅವರ ಲ್ಯಾಪ್‌ಟಾಪ್ ಸ್ಕ್ರೀನಿನ ಪ್ರೊಫೈಲ್. ತಿದ್ದುವಾಗ ಫೋಟೋಗೆ ಅದನ್ನೇ ಸೇರಿಸಿಬಿಟ್ಟಿದ್ದರು. ಮಾಡಬಾರದ ಕೆಲಸ ಅದು. ಸ್ಕ್ರೀನ್ ಪ್ರೊಫೈಲ್ ಆ ಒಂದು ಸ್ಕ್ರೀನಿಗೆ ಮಾತ್ರ, ಅದು ಕಂಪ್ಯೂಟರಿನಲ್ಲಿ ಇರಬೇಕು, ಫೋಟೋದಲ್ಲಿ ಅಲ್ಲ. ಆದರೂ ಒಳಗೆ ಇತ್ತು ಅನ್ನುವ ಕಾರಣಕ್ಕೆ ಆ 11 ಫೋಟೋ ಕನ್ವರ್ಟ್ ಮಾಡಿದ ತಕ್ಷಣ ಸರಿಯಾದವು. ಪೂರ್ತಿ ಇಲ್ಲದ್ದಕ್ಕಿಂತ ವಿಚಿತ್ರದ್ದಾದರೂ ಇದ್ದದ್ದು ವಾಸಿ ಆಯಿತು.

ಫೋನಿನ ಎರಡು ಫೋಟೋಗಳು ಮಾತ್ರ ಸತಾಯಿಸಿದವು. ಬಿಸಿಲು ಬಿದ್ದ ರೇಷ್ಮೆಯ ಕೆಂಪು ಎಸ್‌ಆರ್‌ಜಿಬಿಯ ಗಡಿಯ ಹೊರಗಿತ್ತು. ಕನ್ವರ್ಟ್ ಮಾಡಿದಾಗ ಕೆಂಪು 255ಕ್ಕೆ ಹೋಗಿ ನಿಂತಿತು, ಹಿಂದೆ ಸಿಕ್ಕಿಸಿದ ನೆರಿಗೆಗಳ ಮಡಿಕೆ ಕಾಣದೆ ಒಂದೇ ಕೆಂಪು ತೇಪೆ ಆಯಿತು. ರೆಂಡರಿಂಗ್ ಇಂಟೆಂಟ್ (ಗಡಿ ಮೀರಿದ ಬಣ್ಣವನ್ನು ಹೇಗೆ ಒಳಗೆ ತರಬೇಕು ಅನ್ನುವ ಆಯ್ಕೆ) ಬದಲಾಯಿಸಿ ನೋಡಿದೆ, ವ್ಯತ್ಯಾಸ ಆಗಲಿಲ್ಲ. ಮಾಮೂಲಿ ಎಸ್‌ಆರ್‌ಜಿಬಿ ಪ್ರೊಫೈಲಿನಲ್ಲಿ ಅದಕ್ಕೆ ಬೇಕಾದ ಪಟ್ಟಿಗಳೇ ಇರುವುದಿಲ್ಲ. ಕನ್ವರ್ಟ್‌ಗೆ ಮುಂಚೆ ಆ ಕೆಂಪಿನ ಸ್ಯಾಚುರೇಶನ್ ಸ್ವಲ್ಪ ಇಳಿಸಿದೆ, ಮಡಿಕೆ ಕಂಡಿತು. ಬಣ್ಣ ಒಂದು ಕೂದಲೆಳೆ ಕಡಿಮೆ.

ಹೊಸ ಪುಟಗಳನ್ನು ಈ ಸಲ ಲ್ಯಾಬಿನ ಪ್ರಿಂಟರ್ ಪ್ರೊಫೈಲ್ ತರಿಸಿಕೊಂಡು ಸ್ಕ್ರೀನಿನಲ್ಲೇ ಸಾಫ್ಟ್ ಪ್ರೂಫ್ (ಪ್ರಿಂಟ್ ಹೇಗೆ ಬರುತ್ತೆ ಅನ್ನುವ ಅಂದಾಜು) ನೋಡಿ, ಒಂದು ಪುಟ ಮೊದಲು ಪ್ರಿಂಟ್ ಹಾಕಿಸಿ, ಬಸ್ಸಿಗೆ ಕೊಟ್ಟು ಕಳಿಸಿ ಅಂದೆ. ಬಂದ ಪುಟವನ್ನು ಬಾಗಿಲಲ್ಲಿ ಸೀರೆಯ ಪಕ್ಕ ಹಿಡಿದೆ. ಸರಿ ಇತ್ತು. ಉಳಿದದ್ದಕ್ಕೆ ಹೂಂ ಅಂದೆ. ಖರ್ಚು ನನ್ನದೇ.

ಆಂಟಿ ಬಂದು ಹೊಸ ಆಲ್ಬಮ್ ಪುಟ ಪುಟ ತಿರುಗಿಸಿದರು. ಒಂದು ಕಡೆ ನಿಂತರು. ಮಂಟಪದ ಒಂದು ಫೋಟೋದಲ್ಲಿ ವರನ ಚೇಲೆಯ (ಸೊಂಟಕ್ಕೆ ಸುತ್ತುವ ರೇಷ್ಮೆ ಪಟ್ಟಿ) ಕೆಂಪಿಗೆ ಒಂದು ಪಕ್ಕ ಹಳದಿ ಬೆಳಕು, ಇನ್ನೊಂದು ಪಕ್ಕ ನೀಲಿ ಬೆಳಕು ಬಿದ್ದಿತ್ತು. ಒಂದೇ ಚೇಲೆಯಲ್ಲಿ ಎರಡು ಕೆಂಪು. "ಇದು?" ಅಂದರು. ಇದು ಅಲ್ಲಿನ ಲೈಟಿನದು ಆಂಟಿ, ಇದಕ್ಕೆ ಪ್ರೊಫೈಲ್ ಏನೂ ಮಾಡಲ್ಲ ಅಂದೆ. ಪ್ರೊಫೈಲ್ ಅಂದರೇನು ಅಂತ ಅವರು ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ. ಅಂದು ಮಂಟಪದಲ್ಲೂ ಹಾಗೇ ಕಾಣುತ್ತಿತ್ತು ಅಂತ ಅವರೇ ನೆನಪು ಮಾಡಿಕೊಂಡು, ಸೀರೆ ಮಡಚಿ ಕವರಿಗೆ ಹಾಕಿಕೊಂಡರು.

ಮುಖ್ಯ ಫೋಟೋಗ್ರಾಫರ್ ಇವತ್ತಿಗೂ ಅಡೋಬಿ ಆರ್‌ಜಿಬಿಯಲ್ಲೇ ತೆಗೆಯುತ್ತಾರೆ. ಬೇಡ ಅನ್ನಲು ನನಗೆ ಕಾರಣ ಇಲ್ಲ. ಪೆನ್‌ಡ್ರೈವಿನ ಫೋಲ್ಡರ್ ಹೆಸರಿನಲ್ಲೇ ಈಗ ಅದನ್ನು ಬರೆದು ಕೊಡುತ್ತಾರೆ. ನಾನು ಫೋಟೋಶಾಪಿನ ಆ ಪ್ರಶ್ನೆಯನ್ನು ಮತ್ತೆ ಆನ್ ಮಾಡಿದ್ದೇನೆ. ದಿನಕ್ಕೆ ನಾಲ್ಕೈದು ಸಲ ಎದ್ದು ಕೇಳುತ್ತದೆ. ಹಳೇ ಆಲ್ಬಮ್ ಅಂಗಡಿಯ ಕಪಾಟಿನಲ್ಲೇ ಇದೆ, ಫೈಲ್ ಕಳಿಸುವ ಹೊಸ ಹುಡುಗರು ಬಂದರೆ ಮುಹೂರ್ತದ ಪುಟ ತೆಗೆದು ತೋರಿಸುತ್ತೇನೆ.